ಗಂಡಸರ ಆಯಸ್ಸಿನ ಲೆಕ್ಕ



ಇಷ್ಟು ದಿನ ನಾವು ಅಕ್ಷರ ಕಲಿತೆವು. ನೂರರವರೆಗೆ ಎಣಿಸಲು ಕಲಿತೆವು. ಸಂತೆಯ ಲೆಕ್ಕ, ಕೂಲಿಯ ಲೆಕ್ಕ, ಸಂಘದ ಉಳಿತಾಯದ ಲೆಕ್ಕ ಬರೆದೆವು. ಈ ಪಾಠದಲ್ಲಿ ಇನ್ನೊಂದು ಲೆಕ್ಕ ಇದೆ. ಅದು ಆಯಸ್ಸಿನ ಲೆಕ್ಕ. ನಮ್ಮ ದೇಶದ ಗಂಡಸರು ಯಾವ ವಯಸ್ಸಿನಲ್ಲಿ ಸಾಯುತ್ತಾರೆ? ಯಾಕೆ ಸಾಯುತ್ತಾರೆ? ಹಿಂದೆ ಹೇಗಿತ್ತು? ಈಗ ಹೇಗಿದೆ?

“ಸಾವಿನ ಮಾತು ಯಾಕ ಬೇಕ್ರೀ? ಅಪಶಕುನ” ಅಂತ ಕೆಲವರು ಅನ್ನಬಹುದು. ಆದರೆ ದುಡಿಯುವ ಗಂಡಸು ಸತ್ತ ಮನೆಯ ಸ್ಥಿತಿ ನಮಗೆಲ್ಲ ಗೊತ್ತು. ದಿನಕರ್ಮ ಮುಗಿಯುವ ಮೊದಲೇ ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ. ದೊಡ್ಡ ಮಗ ಶಾಲೆ ಬಿಟ್ಟು ಖಣಿಗೆ ಹೋಗುತ್ತಾನೆ. ಮಗಳ ಮದುವೆ ಅವಸರದಲ್ಲಿ ಆಗುತ್ತದೆ. ಇದೆಲ್ಲಕ್ಕಿಂತ ಹೆಚ್ಚು ಚುಚ್ಚುವುದು ಮಂದಿಯ ಮಾತು. “ಅಕಿ ಕಾಲ್ಗುಣ ಸರಿ ಇಲ್ಲ.” “ಬಂದಾಕಿನೇ ಗಂಡನ್ನ ನುಂಗಿದಳು.” ಸೇಡಂ, ಚಿತ್ತಾಪುರ, ಚಿಂಚೋಳಿ, ವಾಡಿ, ಶಹಾಬಾದ್ ಯಾವ ಕಡೆ ಹೋದರೂ ಈ ಮಾತು ಕೇಳುತ್ತೇವೆ. ಇದು ಖರೆಯೋ ಸುಳ್ಳೋ? ಬರೀ ಬಾಯಿಮಾತಿನಲ್ಲಿ ಜಗಳಾಡಿದರೆ ತೀರುವುದಿಲ್ಲ. ಲೆಕ್ಕ ಹಾಕಿ ನೋಡೋಣ.

ನೂರು ತೊಗರಿ ಕಾಳು

ನಮ್ಮದು ತೊಗರಿಯ ನಾಡು. ಮನೆಯಲ್ಲಿ ಬೇರೆ ಏನು ಇಲ್ಲದಿದ್ದರೂ ನಾಲ್ಕು ತೊಗರಿ ಕಾಳು ಇರುತ್ತವೆ. ನೂರು ಕಾಳು ಎಣಿಸಿ ಮೊರದಲ್ಲಿ ಹಾಕಿರಿ. ಒಂದೊಂದು ಕಾಳು ಒಬ್ಬೊಬ್ಬ ಹುಡುಗ. ಎಲ್ಲರಿಗೂ 15 ವರ್ಷ. ಮೀಸೆ ಚಿಗುರುವ ವಯಸ್ಸು. ಈಗ ವರ್ಷಗಳು ಉರುಳುತ್ತವೆ. ಯಾರಾದರೂ ಸತ್ತರೆ ಒಂದು ಕಾಳು ತೆಗೆದು ಬದಿಗೆ ಇಡುತ್ತೇವೆ. ಉಳಿದವರಿಗೆಲ್ಲ 60 ವರ್ಷ ತುಂಬುವವರೆಗೆ ಹೀಗೆ ಮಾಡುತ್ತೇವೆ. ಆಗ ಬದಿಯಲ್ಲಿ ಎಷ್ಟು ಕಾಳು ಬಿದ್ದಿವೆ?

1950ರ ಸುಮಾರಿಗೆ ನಮ್ಮ ದೇಶದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಾಳು ಬದಿಗೆ ಬೀಳುತ್ತಿದ್ದವು. 1990ರ ಸುಮಾರಿಗೆ 25ಕ್ಕಿಂತ ಹೆಚ್ಚು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಲೆಕ್ಕದಲ್ಲಿ ಸುಮಾರು 21. ಇದೇ ರೀತಿ ನೂರು ಹುಡುಗಿಯರ ಲೆಕ್ಕ ಹಾಕಿದರೆ ಅದೇ 2016ರಲ್ಲಿ ಬದಿಗೆ ಬಿದ್ದದ್ದು ಸುಮಾರು 14 ಕಾಳು.

15ರಿಂದ 60 ಅಂತ ಯಾಕೆ ಹಿಡಿದೆವು? ಅದು ದುಡಿಯುವ ವಯಸ್ಸು. ಮದುವೆ ಆಗುವ, ಮಕ್ಕಳನ್ನು ಸಾಕುವ, ಸಾಲ ತೀರಿಸುವ ವಯಸ್ಸು. 80ರ ಅಜ್ಜ ಸತ್ತರೆ ದುಃಖ ಆಗುತ್ತದೆ, ಆದರೆ ಮನೆ ಮುರಿಯುವುದಿಲ್ಲ. 38ರ ಗಂಡಸು ಸತ್ತರೆ ಮನೆ ಮುರಿಯುತ್ತದೆ.

ಸರಾಸರಿ ಎಂಬ ಮಾತು

ರೇಡಿಯೋದಲ್ಲಿ, ಪೇಪರಿನಲ್ಲಿ ‘ಸರಾಸರಿ ಆಯಸ್ಸು’ ಎಂಬ ಮಾತು ಬರುತ್ತದೆ. ಅದನ್ನು ಬಿಡಿಸಿ ನೋಡೋಣ. 1941ರಿಂದ 1951ರ ನಡುವಿನ ಹತ್ತು ವರ್ಷದಲ್ಲಿ ನಮ್ಮ ದೇಶದ ಗಂಡಸರ ಸರಾಸರಿ ಆಯಸ್ಸು 32 ವರ್ಷ. ಹೆಂಗಸರದು ಇನ್ನೂ ಸ್ವಲ್ಪ ಕಡಿಮೆ. ಹಾಗಾದರೆ ಆಗಿನ ಮಂದಿಯೆಲ್ಲ 32ಕ್ಕೆ ಸಾಯುತ್ತಿದ್ದರೇ? ಇಲ್ಲ. ನಮ್ಮ ಮುತ್ತಜ್ಜ, ಮುತ್ತಜ್ಜಿಯರಲ್ಲಿ 70 ದಾಟಿದವರು ಇದ್ದರು.

ಒಂದು ಮನೆಯಲ್ಲಿ ಇಬ್ಬರು ಗಂಡುಮಕ್ಕಳು ಹುಟ್ಟಿದರು ಅನ್ನಿ. ಒಬ್ಬ 1 ವರ್ಷಕ್ಕೆ ತೀರಿಕೊಂಡ. ಇನ್ನೊಬ್ಬ 63 ವರ್ಷ ಬಾಳಿದ. ಎರಡನ್ನೂ ಕೂಡಿಸಿದರೆ 64. ಇಬ್ಬರಿಗೆ ಹಂಚಿದರೆ 32. ಆ ಮನೆಯಲ್ಲಿ 32ನೇ ವರ್ಷಕ್ಕೆ ಸತ್ತವರು ಯಾರೂ ಇಲ್ಲ. ಆದರೂ ಸರಾಸರಿ 32. ಆಗ ಹಸುಗೂಸುಗಳ ಸಾವು ಬಹಳ ಇತ್ತು. ಅದಕ್ಕೇ ಸರಾಸರಿ ಅಷ್ಟು ಕೆಳಗೆ ಇತ್ತು. ಕೂಸುಗಳ ಸಾವು ಕಡಿಮೆಯಾದರೆ ಸರಾಸರಿ ಥಟ್ಟನೆ ಮೇಲೆ ಏರುತ್ತದೆ. ಆದರೆ ದುಡಿಯುವ ಗಂಡಸಿನ ಸಾವು ಕಡಿಮೆ ಆಯಿತೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಹಾಗಾಗಿ ತೊಗರಿ ಕಾಳಿನ ಲೆಕ್ಕ ಬೇರೆಯೇ ಬೇಕು.

ಹಿಂದಿನ ಕಾಲದ ಸಾವು

ಹಿಂದಿನ ಕಾಲದಲ್ಲಿ ಸಾವು ಊರಿಗೆ ಊರೇ ಬರುತ್ತಿತ್ತು. ಪ್ಲೇಗು ಬಂದರೆ ಮಂದಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ವಾಂತಿಭೇದಿ ಬಂದರೆ ಮುಂಜಾನೆ ಗಟ್ಟಿಮುಟ್ಟಾಗಿದ್ದ ಆಳು ಸಂಜೆಗೆ ಇಲ್ಲ. 1918ರಲ್ಲಿ ಒಂದು ಫ್ಲೂ ಜ್ವರ ಬಂತು. ನಮ್ಮ ದೇಶ ಒಂದರಲ್ಲೇ ಒಂದು ಕೋಟಿಗಿಂತ ಹೆಚ್ಚು ಮಂದಿ ಸತ್ತರು. ಆ ಜ್ವರ ಮುದುಕರನ್ನು, ಕೂಸುಗಳನ್ನು ಮಾತ್ರ ಹುಡುಕಲಿಲ್ಲ. 20ರಿಂದ 40 ವರ್ಷದ ಗಟ್ಟಿ ಮಂದಿಯನ್ನೇ ಬಹಳವಾಗಿ ಒಯ್ದಿತು. 1911ರಲ್ಲಿ ಎಣಿಸಿದ್ದಕ್ಕಿಂತ 1921ರಲ್ಲಿ ಎಣಿಸಿದಾಗ ದೇಶದ ಜನ ಕಡಿಮೆ ಇದ್ದರು. ಜನಗಣತಿ ಸುರುವಾದ ಮೇಲೆ ಹಾಗೆ ಆದದ್ದು ಅದೊಂದೇ ಸಲ.

ಆಮೇಲೆ ಏನಾಯಿತು? ಸಿಡುಬಿಗೆ ಲಸಿಕೆ ಹಾಕಿದರು. 1975ರ ನಂತರ ನಮ್ಮ ದೇಶದಲ್ಲಿ ಸಿಡುಬು ಯಾರಿಗೂ ಬಂದಿಲ್ಲ. ಮಲೇರಿಯಾದ ಸೊಳ್ಳೆಗೆ ಔಷಧಿ ಹೊಡೆದರು. ಸೋಂಕು ಕೊಲ್ಲುವ ಹೊಸ ಇಂಜೆಕ್ಷನ್, ಗುಳಿಗೆ ಬಂದವು. ಟಿ.ಬಿ.ಗೆ ಔಷಧಿ ಬಂತು. ಬರಗಾಲ ಬಂದರೂ ರೇಷನ್ ಕಾಳು ಸಿಗತೊಡಗಿತು. ಅಷ್ಟರಿಂದಲೇ ಅರ್ಧದಷ್ಟು ಬೀಳುತ್ತಿದ್ದ ಕಾಳು ಕಾಲು ಭಾಗಕ್ಕೆ ಇಳಿಯಿತು. ಹಣೆಬರಹಕ್ಕೆ ಹೊಣೆ ಯಾರು ಅಂತೀವಿ. ಹಾಗಾದರೆ ನಲವತ್ತು ವರ್ಷದೊಳಗೆ ದೇಶದ ಗಂಡಸರೆಲ್ಲರ ಹಣೆಬರಹ ಒಮ್ಮೆಲೇ ಬದಲಾಯಿತೇ?

ಇಲ್ಲಿ ಹೆಂಗಸರ ಮಾತೂ ಹೇಳಬೇಕು. ಲೋಕದ ಬಹಳ ದೇಶಗಳಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ವರ್ಷ ಬದುಕುತ್ತಾರೆ. ನಮ್ಮ ದೇಶದಲ್ಲಿ ಬಹಳ ಕಾಲ ಹಾಗೆ ಇರಲಿಲ್ಲ. 1970ರಿಂದ 75ರ ಲೆಕ್ಕದಲ್ಲಿ ಗಂಡಸರ ಸರಾಸರಿ ಆಯಸ್ಸು 50 ವರ್ಷ ದಾಟಿತ್ತು. ಹೆಂಗಸರದು 49. ಹೆರಿಗೆಯಲ್ಲಿ ಸಾವು, ರಕ್ತ ಕಡಿಮೆ, ಹೆಣ್ಣುಕೂಸಿಗೆ ಹಾಲು ಕಡಿಮೆ, ದವಾಖಾನೆಗೆ ಒಯ್ಯುವುದು ಕಡಿಮೆ. 1980ರ ನಂತರ ಇದು ತಿರುಗಿತು. 2016ರಿಂದ 2020ರ ಲೆಕ್ಕದಲ್ಲಿ ಗಂಡಸರದು ಸುಮಾರು 68 ವರ್ಷ 7 ತಿಂಗಳು, ಹೆಂಗಸರದು ಸುಮಾರು 71 ವರ್ಷ 5 ತಿಂಗಳು. ಇಬ್ಬರ ಆಯಸ್ಸೂ ಏರಿದೆ. ಆದರೆ ಹೆಂಗಸರದು ಬೇಗ ಏರಿತು, ಗಂಡಸರದು ಹಿಂದೆ ಬಿದ್ದಿತು.

ಅದರ ಫಲ ನಮ್ಮ ಓಣಿಯಲ್ಲೇ ಕಾಣುತ್ತದೆ. 2011ರ ಜನಗಣತಿಯಲ್ಲಿ ಗಂಡ ಸತ್ತ ಹೆಣ್ಣುಮಕ್ಕಳು ದೇಶದಲ್ಲಿ 4 ಕೋಟಿಗಿಂತ ಹೆಚ್ಚು ಇದ್ದರು. ಹೆಂಡತಿ ಸತ್ತ ಗಂಡಸರು ಒಂದೂವರೆ ಕೋಟಿಗೂ ಕಡಿಮೆ. ಗಂಡಸರು ಮತ್ತೆ ಮದುವೆ ಆಗುತ್ತಾರೆ, ಅದೊಂದು ಕಾರಣ. ಹುಡುಗಿಗಿಂತ ಐದಾರು ವರ್ಷ ದೊಡ್ಡ ಗಂಡು ನೋಡುತ್ತೇವೆ, ಅದೂ ಒಂದು ಕಾರಣ. ಗಂಡಸರು ಬೇಗ ಸಾಯುತ್ತಾರೆ ಎಂಬುದು ಮೂರನೆಯದು.

ಲೆಕ್ಕ ಯಾರು ಬರೆಯುತ್ತಾರೆ?

“ಇಷ್ಟು ದೊಡ್ಡ ದೇಶದಾಗ ಯಾರು ಹ್ಯಾಂಗ ಎಣಸ್ತಾರ್ರೀ?” ಒಳ್ಳೆಯ ಪ್ರಶ್ನೆ. 1970ರ ಸುಮಾರಿನಿಂದ ಸರಕಾರ ದೇಶದ ತುಂಬ ಕೆಲವು ಹಳ್ಳಿ, ಕೆಲವು ಪಟ್ಟಣದ ಓಣಿ ಆರಿಸಿಕೊಂಡಿದೆ. ಅಲ್ಲಿ ಹುಟ್ಟು ಸಾವುಗಳನ್ನು ಒಬ್ಬರು ಬರೆಯುತ್ತಾ ಇರುತ್ತಾರೆ. ಆರು ತಿಂಗಳಿಗೊಮ್ಮೆ ಇನ್ನೊಬ್ಬರು ಬಂದು ಮನೆಮನೆ ಕೇಳಿ ತಾಳೆ ನೋಡುತ್ತಾರೆ. ಅನ್ನ ಬೆಂದಿದೆಯೋ ಅಂತ ಒಂದು ಅಗುಳು ಹಿಚುಕಿ ನೋಡುತ್ತೇವಲ್ಲ, ಹಾಗೆ.

ಎಷ್ಟು ಮಂದಿ ಸತ್ತರು ಅಂತ ಹೀಗೆ ಗೊತ್ತಾಯಿತು. ಯಾಕೆ ಸತ್ತರು? ಹಳ್ಳಿಯಲ್ಲಿ ಬಹಳ ಮಂದಿ ಮನೆಯಲ್ಲೇ ಸಾಯುತ್ತಾರೆ. ಡಾಕ್ಟರು ನೋಡಿರುವುದಿಲ್ಲ. ಅದಕ್ಕೆ ಒಂದು ದಾರಿ ಹುಡುಕಿದರು. ಸತ್ತವರ ಮನೆಗೆ ಹೋಗಿ ಮನೆಯವರನ್ನು ಕೇಳುವುದು. ಜ್ವರ ಇತ್ತೇ? ಎಷ್ಟು ದಿನ ಕೆಮ್ಮು ಇತ್ತು? ಎದೆ ನೋವು ಅಂದರೇ? ಕಾಲು ಬಾತಿತ್ತೇ? ಬೀಡಿ ಸೇದುತ್ತಿದ್ದರೇ? ಇದಕ್ಕೆಲ್ಲ ಉತ್ತರ ಹೇಳಿದವರು ಯಾರು? ಆರೈಕೆ ಮಾಡಿದವರು. ಬಹಳ ಮನೆಗಳಲ್ಲಿ ಹೆಂಡತಿ, ತಾಯಿ, ಸೊಸೆ. ಅವರು ಕಂಡದ್ದನ್ನು ಹೇಳಿದರು. ಅದನ್ನು ಬರೆದುಕೊಂಡರು. ಡಾಕ್ಟರುಗಳು ಓದಿ ಕಾರಣ ಗುರುತಿಸಿದರು.

ಬೀಡಿಯ ಲೆಕ್ಕ

2001ರಿಂದ 2003ರವರೆಗೆ ಸತ್ತವರ ವಿಷಯ ಹೀಗೆ 11 ಲಕ್ಷ ಮನೆಗಳಲ್ಲಿ ವಿಚಾರಿಸಿದರು. ಸತ್ತ ಗಂಡಸರಲ್ಲಿ ಬೀಡಿ, ಸಿಗರೇಟು ಸೇದುವವರು ಎಷ್ಟು, ಬದುಕಿರುವವರಲ್ಲಿ ಎಷ್ಟು ಅಂತ ಹೋಲಿಸಿ ನೋಡಿದರು. 2008ರಲ್ಲಿ ಉತ್ತರ ಹೊರಗೆ ಬಂತು.

ಮತ್ತೆ ಮೊರ ತೆಗೆದುಕೊಳ್ಳಿ. ಈ ಸಲ ಎರಡು ಗುಂಪು. ಒಂದರಲ್ಲಿ 30 ವರ್ಷದ ನೂರು ಗಂಡಸರು, ಎಲ್ಲರೂ ಸೇದುವವರು. ಇನ್ನೊಂದರಲ್ಲಿ 30 ವರ್ಷದ ನೂರು ಗಂಡಸರು, ಯಾರೂ ಸೇದುವುದಿಲ್ಲ. ಉಳಿದದ್ದೆಲ್ಲ ಒಂದೇ ತರಹ. 70 ವರ್ಷ ತುಂಬುವ ಮೊದಲು ಸೇದದವರಲ್ಲಿ 41 ಕಾಳು ಬದಿಗೆ ಬೀಳುತ್ತವೆ. ಸೇದುವವರಲ್ಲಿ 61. ಕಳೆಯಿರಿ ನೋಡೋಣ. 61ರಲ್ಲಿ 41 ಕಳೆದರೆ 20. ಆ 20 ಗಂಡಸರನ್ನು ಒಯ್ದದ್ದು ಬೀಡಿ, ಸಿಗರೇಟು.

ಬೀಡಿ ಸೇದುವ ಗಂಡಸಿನ ಆಯಸ್ಸಿನಲ್ಲಿ ಸುಮಾರು 6 ವರ್ಷ ಹೋಗುತ್ತದೆ. ಸಿಗರೇಟು ಸೇದುವವನದು ಸುಮಾರು 10 ವರ್ಷ. “ನಾ ದಿನಕ್ಕ ನಾಕೇ ಬೀಡಿ ಸೇದ್ತೀನಿ, ಏನೂ ಆಗಂಗಿಲ್ಲ” ಅನ್ನುವವರು ಇದ್ದಾರೆ. ಅದನ್ನೂ ಲೆಕ್ಕ ಮಾಡಿದ್ದಾರೆ. ದಿನಕ್ಕೆ ಏಳು ಬೀಡಿಯ ಒಳಗೆ ಸೇದುವವರಲ್ಲೂ ಸಾವು ಹೆಚ್ಚು ಇತ್ತು. ಸೇದುವವರು ಸತ್ತದ್ದು ಕ್ಯಾನ್ಸರಿನಿಂದ ಮಾತ್ರ ಅಲ್ಲ. ಟಿ.ಬಿ., ದಮ್ಮು, ಎದೆರೋಗ ಇವೇ ಬಹಳ.

ಇನ್ನೊಂದು ಸಂಗತಿ. 40 ವರ್ಷದ ಒಳಗೆ ಬಿಟ್ಟವರಿಗೆ ಆ ಹೆಚ್ಚಿನ ಅಪಾಯದ ಬಹುಪಾಲು ತಪ್ಪುತ್ತದೆ. 50ರಲ್ಲಿ ಬಿಟ್ಟರೂ ಲಾಭ ಇದೆ. 2019ರಿಂದ 21ರ ಸರಕಾರಿ ಸಮೀಕ್ಷೆಯಲ್ಲಿ ದೇಶದ ನೂರು ಗಂಡಸರಲ್ಲಿ 38 ಮಂದಿ ತಂಬಾಕು ಬಳಸುತ್ತಿದ್ದರು. ಸೇದುವುದು, ಜಗಿಯುವುದು ಎರಡೂ ಸೇರಿ. ನೂರು ಹೆಂಗಸರಲ್ಲಿ 9. ಎಲೆ ಅಡಿಕೆ ಜತೆ ತಂಬಾಕು ಹಾಕಿಕೊಳ್ಳುವ ಅಕ್ಕಗಳೇ, ಆ 9ರಲ್ಲಿ ನಾವೂ ಇದ್ದೇವೆ. ಗುಟ್ಕಾ ಮಾರಾಟ ಕರ್ನಾಟಕದಲ್ಲಿ 2013ರಲ್ಲಿ ನಿಷೇಧ ಆಯಿತು. ಆದರೂ ಚೀಟಿಗಳು ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿರುತ್ತವೆ. ಎಲ್ಲಿಂದ ಬರುತ್ತವೆ ಅಂತ ಕೇಳುವವರು ಕಡಿಮೆ.

ಕಾಲ್ಗುಣದ ಮಾತು ಬಂತಲ್ಲ, ಈಗ ಯೋಚಿಸಿರಿ. ಆ ಇಪ್ಪತ್ತು ಗಂಡಸರ ಇಪ್ಪತ್ತು ಹೆಂಡಂದಿರು. ಒಬ್ಬೊಬ್ಬರಿಗೂ ಊರಲ್ಲಿ ಯಾರೋ ಒಬ್ಬರು “ಇಕಿ ಕಾಲ್ಗುಣ” ಅಂದಿರುತ್ತಾರೆ. ಕಾಲ್ಗುಣ ಕೆಟ್ಟವರೆಲ್ಲ ಹುಡುಕಿ ಹುಡುಕಿ ಬೀಡಿ ಸೇದುವವರನ್ನೇ ಮದುವೆ ಆದರೇನು?

ಧೂಳು ಮತ್ತು ಕೆಮ್ಮು

ಶಹಾಬಾದ್ ಫರ್ಸಿ ದೇಶದ ತುಂಬ ಹೆಸರುವಾಸಿ. ವಾಡಿ, ಶಹಾಬಾದ್, ಸೇಡಂ, ಮಳಖೇಡದ ಕಡೆ ಸುಣ್ಣಕಲ್ಲಿನಿಂದ ಸಿಮೆಂಟು ಮಾಡುತ್ತಾರೆ. ಎಷ್ಟೋ ಮನೆಗಳ ಒಲೆ ಉರಿಯುವುದು ಈ ಕಲ್ಲಿನಿಂದಲೇ. ಕಲ್ಲು ಕೊಯ್ಯುವಾಗ, ಪಾಲಿಶ್ ಮಾಡುವಾಗ, ಲಾರಿಗೆ ತುಂಬುವಾಗ ಧೂಳು ಏಳುತ್ತದೆ. ಕಣ್ಣಿಗೆ ಕಾಣುವ ದೊಡ್ಡ ಧೂಳು ಮೂಗಿನಲ್ಲೇ ನಿಲ್ಲುತ್ತದೆ. ಕಣ್ಣಿಗೆ ಕಾಣದ ಸಣ್ಣ ಧೂಳು ಪುಪ್ಪುಸದ ತಳಕ್ಕೆ ಇಳಿಯುತ್ತದೆ.

ಕಲ್ಲಿನಲ್ಲಿ ಸಿಲಿಕಾ ಎಂಬ ಅಂಶ ಇರುತ್ತದೆ. ಅದು ಪುಪ್ಪುಸದಲ್ಲಿ ಕೂತರೆ ಪುಪ್ಪುಸ ಗಟ್ಟಿಯಾಗುತ್ತದೆ. ಈ ರೋಗಕ್ಕೆ ಸಿಲಿಕೋಸಿಸ್ ಅನ್ನುತ್ತಾರೆ. ಬಂದರೆ ವಾಸಿ ಆಗುವುದಿಲ್ಲ. ಸುಣ್ಣಕಲ್ಲಿನಲ್ಲಿ ಸಿಲಿಕಾ ಕಡಿಮೆ. ಗ್ರಾನೈಟ್, ಮರಳುಗಲ್ಲಿನಲ್ಲಿ ಹೆಚ್ಚು. ನಮ್ಮ ಮಂದಿ ದೂರದ ಊರಿಗೆ ಹೋಗಿ ಕ್ರಶರಿನಲ್ಲಿ, ಬಿಲ್ಡಿಂಗ್ ಕೆಲಸದಲ್ಲಿ ದುಡಿಯುತ್ತಾರೆ. ಅಲ್ಲಿ ಈ ಭಯ ಹೆಚ್ಚು. ಸುಣ್ಣಕಲ್ಲಿನ ಧೂಳನ್ನೂ ಇಪ್ಪತ್ತು ವರ್ಷ ದಿನಾ ಕುಡಿದರೆ ಎದೆಗೆ ಒಳ್ಳೆಯದಲ್ಲ. ನೀರು ಚಿಮುಕಿಸಿ ಕೊಯ್ದರೆ ಧೂಳು ಬಹಳ ಕಡಿಮೆ ಏಳುತ್ತದೆ. ಮುಖಕ್ಕೆ ಕಟ್ಟುವ ಟವೆಲ್ ಸಣ್ಣ ಧೂಳನ್ನು ತಡೆಯುವುದಿಲ್ಲ. ಅದಕ್ಕೆ ಸರಿಯಾದ ಮಾಸ್ಕ್ ಬೇಕು. ಮಾಸ್ಕ್ ಕೊಡುವುದು, ನೀರು ಹೊಡೆಸುವುದು ಕೆಲಸ ಕೊಡುವವರ ಹೊಣೆ. ಇದು ಭಿಕ್ಷೆ ಅಲ್ಲ.

ಧೂಳು ಕುಡಿದ ಪುಪ್ಪುಸಕ್ಕೆ ಟಿ.ಬಿ. ಬೇಗ ಹತ್ತುತ್ತದೆ. ಬೀಡಿಯ ಹೊಗೆ ಸೇರಿದರೆ ಇನ್ನೂ ಬೇಗ. ನಮ್ಮ ದೇಶದಲ್ಲಿ ಟಿ.ಬಿ. ಹೆಂಗಸರಿಗಿಂತ ಗಂಡಸರಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಸರಕಾರಿ ದವಾಖಾನೆಯಲ್ಲಿ ಪರೀಕ್ಷೆ ಪುಕ್ಕಟೆ, ಔಷಧಿ ಪುಕ್ಕಟೆ. ಸಾಮಾನ್ಯ ಟಿ.ಬಿ.ಗೆ ಆರು ತಿಂಗಳ ಔಷಧಿ. 2024ರ ನವೆಂಬರಿನಿಂದ ಊಟದ ಖರ್ಚಿಗೆ ತಿಂಗಳಿಗೆ 1,000 ರೂಪಾಯಿ ರೋಗಿಯ ಬ್ಯಾಂಕ್ ಖಾತೆಗೆ ಹಾಕುವ ವ್ಯವಸ್ಥೆ ಆಗಿದೆ. ತೊಂದರೆ ಎಲ್ಲಿ ಬರುತ್ತದೆ? ಎರಡು ತಿಂಗಳು ಗುಳಿಗೆ ನುಂಗಿದರೆ ಕೆಮ್ಮು ನಿಲ್ಲುತ್ತದೆ, ಮೈ ತುಂಬುತ್ತದೆ. “ಆರಾಮ ಆಯ್ತು” ಅಂತ ಪುಣೆಗೋ ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೊರಡುತ್ತಾರೆ. ಗುಳಿಗೆ ನಿಲ್ಲುತ್ತದೆ. ಟಿ.ಬಿ. ತಿರುಗಿ ಬರುತ್ತದೆ, ಆಗ ಹಳೆಯ ಔಷಧಿಗೆ ಬಗ್ಗುವುದಿಲ್ಲ. ಚಿಂಚೋಳಿಯ ತಾಂಡಾಗಳಿಂದ ಗುಳೆ ಹೋಗುವ ಮನೆಗಳು ಇದನ್ನು ನೆನಪಿಡಬೇಕು. ಹೋಗುವ ಊರಿನ ಸರಕಾರಿ ದವಾಖಾನೆಯಲ್ಲೂ ಅದೇ ಔಷಧಿ ಸಿಗುತ್ತದೆ. ಹೊರಡುವ ಮೊದಲು ಇಲ್ಲಿಯ ದವಾಖಾನೆಗೆ ಹೇಳಿ ಚೀಟಿ ಬರೆಸಿಕೊಂಡು ಹೋಗಬೇಕು.

ಸದ್ದಿಲ್ಲದ ಸಾವು

ಈಗ ನಡುವಯಸ್ಸಿನ ಗಂಡಸರನ್ನು ಬಹಳವಾಗಿ ಒಯ್ಯುವುದು ಪ್ಲೇಗು ಅಲ್ಲ, ವಾಂತಿಭೇದಿ ಅಲ್ಲ. ಎದೆರೋಗ ಮತ್ತು ಲಕ್ವ. ನಟ ಪುನೀತ್ ರಾಜ್‌ಕುಮಾರ್ ನಮಗೆಲ್ಲ ಗೊತ್ತು. 2021ರ ಅಕ್ಟೋಬರ್ 29ರಂದು ತೀರಿಕೊಂಡರು. ವಯಸ್ಸು 46. ವ್ಯಾಯಾಮ ಮಾಡುವ ಮೈ. ಆ ದಿನ ಎಷ್ಟು ಮನೆಗಳಲ್ಲಿ ಒಲೆ ಹಚ್ಚಲಿಲ್ಲ! ಅಂಥವರಿಗೇ ಹೀಗಾದರೆ ನಮ್ಮ ಗತಿ ಏನು ಅಂತ ಬಹಳ ಮಂದಿ ಹೆದರಿದರು.

ಹೆದರಿಕೆಗಿಂತ ತಿಳಿವಳಿಕೆ ಲೇಸು. ಎದೆರೋಗಕ್ಕೆ, ಲಕ್ವಕ್ಕೆ ದೊಡ್ಡ ಕಾರಣ ಬಿ.ಪಿ., ಅಂದರೆ ರಕ್ತದ ಒತ್ತಡ. ಬಿ.ಪಿ. ಏರಿದರೆ ಬಹಳ ಮಂದಿಗೆ ಏನೂ ಗೊತ್ತಾಗುವುದಿಲ್ಲ. ತಲೆ ನೋಯುವುದಿಲ್ಲ, ಕೆಲಸ ನಿಲ್ಲುವುದಿಲ್ಲ. ಅಳೆದರೆ ಮಾತ್ರ ತಿಳಿಯುತ್ತದೆ. ಅಳೆದು ಚೀಟಿಯಲ್ಲಿ ಎರಡು ಅಂಕಿ ಬರೆಯುತ್ತಾರೆ. ಒಂದು ಮೇಲೆ, ಒಂದು ಕೆಳಗೆ. ಆ ಅಂಕಿ ಓದಲು ಈಗ ನಮಗೆ ಬರುತ್ತದೆ. ಮೇಲಿನದು 140 ಅಥವಾ ಹೆಚ್ಚು, ಇಲ್ಲವೇ ಕೆಳಗಿನದು 90 ಅಥವಾ ಹೆಚ್ಚು ಇದ್ದು, ಬೇರೆ ದಿನ ಅಳೆದಾಗಲೂ ಹಾಗೆಯೇ ಬಂದರೆ ಬಿ.ಪಿ. ಇದೆ ಅಂತ ಅರ್ಥ. ಗುಳಿಗೆ ಸರಕಾರಿ ದವಾಖಾನೆಯಲ್ಲಿ ಸಿಗುತ್ತದೆ. ದಿನಾ ನುಂಗಬೇಕು. ಉಪ್ಪು, ಉಪ್ಪಿನಕಾಯಿ ಕಡಿಮೆ ಮಾಡಬೇಕು. 30 ದಾಟಿದವರೆಲ್ಲ ವರ್ಷಕ್ಕೆ ಒಮ್ಮೆಯಾದರೂ ಬಿ.ಪಿ., ಶುಗರ್ ನೋಡಿಸಬೇಕು. ಹೆಂಗಸರೂ ಸಹ.

ಹೆಂಗಸರು ಬಸುರಿ ಬಾಣಂತಿ ಆದಾಗ, ಕೂಸಿಗೆ ಲಸಿಕೆ ಹಾಕಿಸುವಾಗ ದವಾಖಾನೆಯ ಬಾಗಿಲು ನೋಡುತ್ತಾರೆ. ಗಂಡಸರು? ಬಿದ್ದು ಎತ್ತಿಕೊಂಡು ಹೋಗುವವರೆಗೆ ಹೋಗುವುದಿಲ್ಲ. “ಒಂದು ದಿನದ ಕೂಲಿ ಹೋಗ್ತದ” ಅನ್ನುತ್ತಾರೆ. ಅದು ಸುಳ್ಳಲ್ಲ, ಕೂಲಿ ಹೋಗುತ್ತದೆ. ದವಾಖಾನೆಯ ಬಾಗಿಲು ತೆರೆಯುವ ಹೊತ್ತು, ಖಣಿಯ ಹೊತ್ತು ಒಂದೇ. ಸಂಜೆ ಹೊತ್ತು ಊರಿಗೆ ಬಂದು ಅಳೆಯುವಂತೆ ಆಶಾ ಅಕ್ಕನನ್ನು, ಆರೋಗ್ಯ ಕೇಂದ್ರದವರನ್ನು ಸಂಘದ ಪರವಾಗಿ ಕೇಳಬಹುದು. ಒಬ್ಬರು ಕೇಳಿದರೆ ನಗುತ್ತಾರೆ, ಇಪ್ಪತ್ತು ಮಂದಿ ಕೇಳಿದರೆ ಬರುತ್ತಾರೆ.

ಎದೆ ಮೇಲೆ ಕಲ್ಲು ಇಟ್ಟಂತೆ ಭಾರ, ನೋವು ಎಡಗೈಗೆ ಅಥವಾ ದವಡೆಗೆ ಹರಿಯುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು. ಹೀಗಾದರೆ “ಗ್ಯಾಸ್ ಆಗ್ಯಾದ, ಸೋಡಾ ಕುಡಿ” ಅನ್ನಬಾರದು. 108ಕ್ಕೆ ಫೋನ್ ಮಾಡಬೇಕು. ಮೊದಲ ಒಂದು ತಾಸು ಬಹಳ ಮುಖ್ಯ. ಪುನೀತ್ ಅವರ ಹೆಸರಿನಲ್ಲೇ ರಾಜ್ಯ ಸರಕಾರ ಹೃದಯಜ್ಯೋತಿ ಯೋಜನೆ ತಂದಿದೆ. ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಅಗತ್ಯ ಇದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುವ ಯೋಜನೆ ಅದು. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ.

ಸೆರೆಯ ಮಾತು

ಸೆರೆ ಕುಡಿದರೆ ಲಿವರ್ ಕೆಡುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಣ್ಣು ಹಳದಿ ಆಗುತ್ತದೆ. ಅದು ನಮಗೆ ಗೊತ್ತಿರುವ ಸಾವು. ಗಾಡಿ ಮೇಲಿಂದ ಬೀಳುವುದು, ಬಾವಿಗೆ ಬೀಳುವುದು, ಹೊಡೆದಾಟ, ಇವೂ ಸೆರೆಯ ಲೆಕ್ಕಕ್ಕೇ ಸೇರುತ್ತವೆ.

ರಷ್ಯಾ ಎಂಬ ದೊಡ್ಡ ದೇಶ ಇದೆ. ಅಲ್ಲಿ ಎಲ್ಲರೂ ಓದು ಬಲ್ಲವರು, ದವಾಖಾನೆ ಬೇಕಾದಷ್ಟು. 1985ರಲ್ಲಿ ಅಲ್ಲಿಯ ಸರಕಾರ ಸೆರೆಗೆ ಕಡಿವಾಣ ಹಾಕಿತು. 1987ರಲ್ಲಿ ಗಂಡಸರ ಸರಾಸರಿ ಆಯಸ್ಸು 65ರ ಹತ್ತಿರ ಬಂತು. ಆಮೇಲೆ ಕಡಿವಾಣ ಬಿತ್ತು, ಸರಕಾರವೂ ಮುರಿಯಿತು, ಕೆಲಸ ಹೋದವು, ಸೆರೆ ಹೊಳೆಯಾಗಿ ಹರಿಯಿತು. 1994ಕ್ಕೆ ಗಂಡಸರ ಆಯಸ್ಸು 57ಕ್ಕೆ ಇಳಿಯಿತು. ಏಳೇ ವರ್ಷದಲ್ಲಿ ಏಳು ವರ್ಷ ಇಳಿತ! ಯುದ್ಧ ಇಲ್ಲದೆ, ಬರಗಾಲ ಇಲ್ಲದೆ. ಮತ್ತೆ ಸೆರೆ ಕಡಿಮೆ ಆದಂತೆ ಆಯಸ್ಸು ಏರಿ, 2019ಕ್ಕೆ 68 ಮುಟ್ಟಿತು. ಏರುವುದೂ ಇಳಿಯುವುದೂ ಎರಡೂ ಆಗುತ್ತದೆ ಅಂತ ಇದರಿಂದ ತಿಳಿಯುತ್ತದೆ.

ನಮ್ಮ ನೆರೆಯ ಆಂಧ್ರದ ಸಂಗತಿ ಕೇಳಿರಿ. ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಎಂಬ ಊರು. ಅಲ್ಲಿಯ ಹೆಣ್ಣುಮಕ್ಕಳು ನಮ್ಮಂತೆಯೇ ರಾತ್ರಿ ಕೂತು ಅಕ್ಷರ ಕಲಿಯುತ್ತಿದ್ದರು. ಅವರ ಓದುವ ಪುಸ್ತಕದಲ್ಲಿ ಸಾರಾಯಿ ವಿಷಯದ ಒಂದು ಪಾಠ ಇತ್ತು. ಓದಿ ಸುಮ್ಮನೆ ಕೂಡಲಿಲ್ಲ. ಎದ್ದು ಹೋಗಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಆ ಚಳವಳಿ ಊರೂರಿಗೆ ಹಬ್ಬಿತು. 1993ರ ಅಕ್ಟೋಬರ್ 1ರಿಂದ ಆಂಧ್ರ ಸರಕಾರ ಸಾರಾಯಿ ನಿಲ್ಲಿಸಿತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಪಾಕೀಟು ಹೋಯಿತು, ಬಾಟಲಿ ಉಳಿಯಿತು. ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುವುದು ಎಷ್ಟು ಊರುಗಳಲ್ಲಿ ಇದೆ ಅಂತ ನಾವು ಹೇಳಬೇಕಿಲ್ಲ.

ಇನ್ನು ಕೆಲವು

ರಸ್ತೆಯ ಸಾವು. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ 1 ಲಕ್ಷ 68 ಸಾವಿರಕ್ಕಿಂತ ಹೆಚ್ಚು ಮಂದಿ ಸತ್ತರು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಗಂಡಸರು. ಸುಮಾರು 50 ಸಾವಿರ ಮಂದಿ ತಲೆಗೆ ಹೆಲ್ಮೆಟ್ ಹಾಕಿರಲಿಲ್ಲ. ಹೆಲ್ಮೆಟ್ ಮನೆಯ ಗೂಟಕ್ಕೆ ತೂಗುಹಾಕಲು ಕೊಂಡದ್ದಲ್ಲ.

ಏಡ್ಸ್. 1990ರಿಂದ 2005ರವರೆಗೆ ನಮ್ಮ ಉತ್ತರ ಕರ್ನಾಟಕದಲ್ಲಿ ಪ್ರಾಯದ ಗಂಡಸರನ್ನು ಬಹಳ ಕಾಡಿತು. ಗಂಡನಿಂದ ಹೆಂಡತಿಗೂ ಬಂತು. ಅಲ್ಲೂ ಬೈಗುಳ ಹೆಂಡತಿಗೇ. 2004ರಿಂದ ಸರಕಾರಿ ದವಾಖಾನೆಯಲ್ಲಿ ಎ.ಆರ್.ಟಿ. ಔಷಧಿ ಪುಕ್ಕಟೆ ಕೊಡಲು ಸುರು ಮಾಡಿದರು. ದಿನಾ ನುಂಗುವವರು ಬಹಳ ವರ್ಷ ಬದುಕುತ್ತಿದ್ದಾರೆ. ಸಾವು ಬಹಳ ಕಡಿಮೆ ಆಗಿದೆ.

ಕೊರೊನಾ. ಆ ರೋಗದಿಂದ ದೇಶದಲ್ಲಿ ಮೊದಲ ಸಾವು ಆದದ್ದು 2020ರ ಮಾರ್ಚಿನಲ್ಲಿ, ನಮ್ಮ ಕಲಬುರಗಿಯವರೇ ಒಬ್ಬರು. ಅದೂ ಹೆಂಗಸರಿಗಿಂತ ಗಂಡಸರನ್ನು ಹೆಚ್ಚು ಒಯ್ದಿತು. ಏರುತ್ತಾ ಬಂದಿದ್ದ ಸರಾಸರಿ ಆಯಸ್ಸು ಆಗ ತುಸು ಕೆಳಗೆ ಇಳಿಯಿತು.

ಇನ್ನೊಂದು ಮಾತು ಮೆಲ್ಲಗೆ ಹೇಳಬೇಕು. ತಾವಾಗಿ ಜೀವ ಕಳೆದುಕೊಳ್ಳುವವರಲ್ಲಿ ಹತ್ತರಲ್ಲಿ ಏಳು ಮಂದಿ ಗಂಡಸರು. ತೊಗರಿ ಒಣಗಿತು, ಸಾಲ ಬೆಳೆಯಿತು, ಮನೆಯಲ್ಲಿ ಜಗಳ. ಹೆಣ್ಣುಮಕ್ಕಳು ಬಾವಿಕಟ್ಟೆಯಲ್ಲಿ ಕೂತು ಅತ್ತು ಹಗುರ ಆಗುತ್ತಾರೆ. ಗಂಡಸು ಅಳಬಾರದು ಅಂತ ನಾವೇ ಸಣ್ಣಂದಿನಿಂದ ಕಲಿಸುತ್ತೇವೆ. ಊಟ ಬಿಟ್ಟು, ಮಾತು ಬಿಟ್ಟು ಕೂತವರನ್ನು ಒಂಟಿ ಬಿಡಬಾರದು. ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಬೀಗದ ಪೆಟ್ಟಿಗೆಯಲ್ಲಿ ಇಡಬೇಕು. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಫೋನಿಗೆ ರೊಕ್ಕ ಬೀಳುವುದಿಲ್ಲ. ಹಗಲು ರಾತ್ರಿ ಇರುತ್ತದೆ.

ಸಾವನ್ನು ಬರೆಸುವುದು

ಯಾರಾದರೂ ಸತ್ತರೆ 21 ದಿನದ ಒಳಗೆ ಬರೆಸಬೇಕು. ಅದಕ್ಕೆ ರೊಕ್ಕ ಇಲ್ಲ. ಹಳ್ಳಿಯಲ್ಲಿ ಯಾರ ಹತ್ತಿರ ಬರೆಸಬೇಕು ಅಂತ ಪಂಚಾಯಿತಿಯಲ್ಲಿ ಕೇಳಿರಿ. ಪಟ್ಟಣದಲ್ಲಿ ಪುರಸಭೆ, ನಗರಸಭೆ. ದವಾಖಾನೆಯಲ್ಲಿ ಸತ್ತರೆ ಅಲ್ಲಿಂದಲೇ ಬರೆದು ಕಳಿಸುತ್ತಾರೆ. ಮರಣದ ಸರ್ಟಿಫಿಕೇಟ್ ಇಲ್ಲದೆ ವಿಧವಾ ವೇತನ ಸಿಗುವುದಿಲ್ಲ, ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ, ಬ್ಯಾಂಕಿನ ರೊಕ್ಕ ಬರುವುದಿಲ್ಲ. ಮೈದುನನೋ ಮಾವನೋ ಮಾಡಿಸುತ್ತಾನೆ ಅಂತ ಕೂತವರ ಹೊಲ ಕೈಬಿಟ್ಟದ್ದು ಉಂಟು. ಸರ್ಟಿಫಿಕೇಟಿನಲ್ಲಿ ಹೆಸರು, ತಾರೀಖು ಸರಿಯಾಗಿ ಇದೆಯೇ ಅಂತ ನೀವೇ ಓದಿ ನೋಡಿರಿ. ಒಂದು ಅಕ್ಷರ ತಪ್ಪಾದರೂ ಆಮೇಲೆ ವರ್ಷಗಟ್ಟಲೆ ಕಚೇರಿಗೆ ಅಲೆಯಬೇಕು.

ಮನೆಗೆ ಲೆಕ್ಕದವರು ಬಂದು ಹೇಗೆ ಸತ್ತರು ಅಂತ ಕೇಳಿದರೆ ಕಂಡದ್ದನ್ನು ಹೇಳಿರಿ. ಎಷ್ಟು ದಿನ ಕೆಮ್ಮು, ಎಲ್ಲಿ ನೋವು, ಎಲ್ಲಿ ಕೆಲಸ, ಎಷ್ಟು ಬೀಡಿ.

ಈ ಪುಟದ ಕೆಳಗೆ ಆರು ಗೆರೆ ಬಿಟ್ಟಿದ್ದೇವೆ. ಮನೆಯಲ್ಲಿ 30 ದಾಟಿದ ಎಲ್ಲರ ಹೆಸರು ಬರೆಯಿರಿ, ನಿಮ್ಮ ಹೆಸರು ಬಿಡಬೇಡಿರಿ. ಹೆಸರಿನ ಮುಂದೆ ವಯಸ್ಸು. ಅದರ ಮುಂದೆ ಬಿ.ಪಿ. ನೋಡಿಸಿದ ತಾರೀಖು ಮತ್ತು ಎರಡು ಅಂಕಿ. ನೋಡಿಸಿಲ್ಲದಿದ್ದರೆ ಆ ಜಾಗ ಖಾಲಿ ಇರಲಿ. ಮುಂದಿನ ತಿಂಗಳು ಕೇಂದ್ರಕ್ಕೆ ಬರುವಾಗ ಪುಸ್ತಕ ತನ್ನಿರಿ.